ಪಂಚ ಸಾಕ್ಷಿ ಬರುವ ದಿನ

ಮ್ಯಾಜಿಸ್ಟ್ರೇಟ್ ಕೋರ್ಟು ಕೂರುವುದು ಹನ್ನೊಂದಕ್ಕೆ. ಸಹಾಯಕ ಸರ್ಕಾರಿ ಅಭಿಯೋಜಕರ (ಪ್ರಾಸಿಕ್ಯೂಟರ್) ಬಳಿ ಇಂಟರ್ನ್‌ಷಿಪ್‌ಗೆ ಬಂದ ಕಾನೂನು ವಿದ್ಯಾರ್ಥಿಯ ನಿಜವಾದ ಕೆಲಸ ಅದಕ್ಕೂ ಮೊದಲಿನ ಒಂದು ಗಂಟೆಯಲ್ಲಿದೆ.

ಬೈಕ್ ಕಳವಿನ ಕೇಸು ಎಂದಿಟ್ಟುಕೊಳ್ಳಿ. ಇವತ್ತು ಚಾ.ಸಾ.3 (ಚಾರ್ಜ್‌ಶೀಟಿನ ಮೂರನೇ ಸಾಕ್ಷಿ), ಅಂದರೆ ಜಪ್ತಿ ಮಹಜರಿಗೆ ಸಾಕ್ಷಿಯಾಗಿ ಸಹಿ ಹಾಕಿದ ಪಂಚ, ಬರುತ್ತಾರೆ. ಚಾರ್ಜ್‌ಶೀಟ್ ಬಿಚ್ಚಿ ಮಹಜರಿನ ಪುಟಕ್ಕೆ, ಅವರ ಸಹಿ ಇರುವ ಜಾಗಕ್ಕೆ ಚೀಟಿ ಇಡಬೇಕು. ಬಳಿಕ ಚಾಸಿ ನಂಬರು. ಮಹಜರು, ಪಿ.ಎಫ್. (ಜಪ್ತಿಯಾದ ಸ್ವತ್ತಿನ ಪಟ್ಟಿ), ಆರ್.ಸಿ. ಮೂರರಲ್ಲೂ ಅದರ 17 ಅಕ್ಷರ-ಅಂಕಿಗಳನ್ನು ಬೆರಳಿಟ್ಟು ತಾಳೆ ನೋಡಬೇಕು. 3 ಇರಬೇಕಾದಲ್ಲಿ 8 ಬಿದ್ದಿದ್ದರೆ ಪಾಟೀ ಸವಾಲಿನಲ್ಲಿ ಎದುರು ವಕೀಲರು ಮೊದಲು ಹಿಡಿಯುವುದೇ ಅದನ್ನು. ಬೈಕು ಸಾಮಾನ್ಯವಾಗಿ ಮಾಲೀಕರ ಸುಪರ್ದಿಗೆ (ವಶಕ್ಕೆ) ಹೋಗಿರುತ್ತದೆ, ಆದ್ದರಿಂದ ಫೋಟೋಗಳು ಕಡತದಲ್ಲಿವೆಯೇ ನೋಡಿ. 2024ರ ಜುಲೈ 1ರ ನಂತರದ ಜಪ್ತಿಯಾದರೆ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ ಕಲಂ 105ರಂತೆ ವಿಡಿಯೋ ಚಿತ್ರೀಕರಣ ಆಗಿರಬೇಕು. ಅದರ ಜೊತೆ, ಎಲೆಕ್ಟ್ರಾನಿಕ್ ದಾಖಲೆಗೆ ಬೇಕಾದ ಭಾರತೀಯ ಸಾಕ್ಷ್ಯ ಅಧಿನಿಯಮದ ಕಲಂ 63(4)ರ ಪ್ರಮಾಣಪತ್ರ ಇದೆಯೇ? ಇಲ್ಲದಿದ್ದರೆ ಬೆಳಿಗ್ಗೆಯೇ ಅಭಿಯೋಜಕರ ಗಮನಕ್ಕೆ ತನ್ನಿ. ಪೊಲೀಸರ ಮುಂದಿನ ಹೇಳಿಕೆಯಲ್ಲಿ ಸಾಕ್ಷಿಯ ಸಹಿ ಹುಡುಕುತ್ತಾ ಕೂರಬೇಡಿ. ಅದಕ್ಕೆ ಸಹಿ ಹಾಕಿಸುವಂತೆಯೇ ಇಲ್ಲ.

ಪ್ರಶ್ನೆ ಬರೆದುಕೊಡುವಾಗ ಹೆಚ್ಚಿನವರು ಎಡವುತ್ತಾರೆ. "ಆರೋಪಿಯ ಮನೆಯಿಂದ ಬೈಕ್ ಜಪ್ತಿ ಮಾಡಿದ್ದನ್ನು ನೋಡಿದಿರಲ್ಲವೇ?" ಎಂದು ಬರೆದರೆ ಉತ್ತರವನ್ನು ನಾವೇ ಬಾಯಿಗಿಟ್ಟ ಹಾಗೆ. ಇದು ಸೂಚನಾ ಪ್ರಶ್ನೆ. ಮುಖ್ಯ ವಿಚಾರಣೆಯಲ್ಲಿ, ಅಂದರೆ ನಮ್ಮದೇ ಸಾಕ್ಷಿಯನ್ನು ನಾವು ಮೊದಲು ಕೇಳುವಾಗ, ಅದಕ್ಕೆ ತಕ್ಷಣ ಆಕ್ಷೇಪ ಬರುತ್ತದೆ. "ಅಂದು ಪೊಲೀಸರು ನಿಮ್ಮನ್ನು ಎಲ್ಲಿಗೆ ಕರೆದರು? ಅಲ್ಲಿ ಏನೇನು ಆಯಿತು?" ಇಷ್ಟು ಸಾಕು.

ಆದರೆ ಕಟಕಟೆ ಹತ್ತಿದ ಪಂಚರು "ಸ್ಟೇಷನ್ನಿನಲ್ಲಿ ಸಹಿ ಹಾಕಿಸಿಕೊಂಡರು, ಏನಿದೆ ಅಂತ ಗೊತ್ತಿಲ್ಲ" ಎಂದುಬಿಡುವುದು ತೀರಾ ಸಾಮಾನ್ಯ. ಸಹಿ ತಮ್ಮದೆಂದು ಒಪ್ಪಿದರೆ ಅಷ್ಟಾದರೂ ಗುರುತಾಗುತ್ತದೆ: ಮಹಜರು ನಿ.ಪಿ.1 (ಅಭಿಯೋಜನೆಯ ದಾಖಲೆಗೆ ಕೋರ್ಟು ಕೊಡುವ ನಿಶಾನೆ) ಆದರೆ ಸಹಿ ನಿ.ಪಿ.1(ಎ). ಪಂಚರು ಹೀಗೆ ತಿರುಗಿಬಿದ್ದಾಗ ಅಭಿಯೋಜಕರು ಸಾಕ್ಷ್ಯ ಅಧಿನಿಯಮದ ಕಲಂ 157ರಡಿ ಅನುಮತಿ ಕೇಳಿ ತಮ್ಮದೇ ಸಾಕ್ಷಿಯ ಪಾಟೀ ಸವಾಲಿಗೆ ಇಳಿಯುತ್ತಾರೆ. ಸೂಚನಾ ಪ್ರಶ್ನೆಗಳಿಗೆ ಈಗ ಅವಕಾಶವಿದೆ. ಮಹಜರಿನ ಸ್ಥಳ, ಹೊತ್ತು, ಜೊತೆಗಿದ್ದ ಇನ್ನೊಬ್ಬ ಪಂಚರ ವಿವರವನ್ನು ಬೇರೆ ಹಾಳೆಯಲ್ಲಿ ಬರೆದಿಟ್ಟಿದ್ದರೆ ಆ ಹಾಳೆ ಆ ಕ್ಷಣಕ್ಕೆ ಒದಗುತ್ತದೆ. ಸಾಕ್ಷಿ ಎಲ್ಲವನ್ನೂ ನಿರಾಕರಿಸಿದರೂ ಕೇಸು ಅಲ್ಲಿಗೇ ಮುಗಿಯುವುದಿಲ್ಲ, ತನಿಖಾಧಿಕಾರಿಯ ಸಾಕ್ಷ್ಯ ಬಾಕಿ ಇರುತ್ತದೆ.

ಅಮೆರಿಕದಲ್ಲಿ ವಿದ್ಯಾರ್ಥಿಗಳು ಮೇಲ್ವಿಚಾರಣೆಯಲ್ಲಿ ತಾವೇ ವಾದಿಸುವ ನಿಯಮಗಳಿವೆ. ನಮ್ಮಲ್ಲಿ ವಕೀಲಿ ಸನ್ನದು ಬರುವವರೆಗೆ ಬಾಯಿ ತೆರೆಯುವಂತಿಲ್ಲ, ಹಿಂದಿನ ಬೆಂಚಿನಲ್ಲಿ ಕೂತು ಬರೆಯುವುದೇ ಕಲಿಕೆ. ಬಾರ್ ಕೌನ್ಸಿಲ್ ನಿಯಮದಂತೆ ಒಂದು ಸಿವಿಲ್, ಒಂದು ಕ್ರಿಮಿನಲ್ ವಿಚಾರಣೆ ನೋಡಿ ಬರೆದದ್ದಕ್ಕೆ 30 ಅಂಕ. "ಪಂಚರ ವಿಚಾರಣೆ ನಡೆಯಿತು" ಎಂಬ ಒಂದು ಸಾಲಿಗೆ ಆ ಅಂಕ ಸಲ್ಲಬಾರದು. ಕೇಳಿದ ಪ್ರಶ್ನೆ, ಬಂದ ಉತ್ತರ, ಟೈಪಿಸ್ಟರಿಗೆ ನ್ಯಾಯಾಧೀಶರು ಹೇಳಿ ಬರೆಸಿದ ವಾಕ್ಯ, ಇವು ಮೂರೂ ಡೈರಿಯಲ್ಲಿ ಅಕ್ಕಪಕ್ಕ ಇರಬೇಕು.