ಹಳದಿ ಬೋರ್ಡು

ಇವತ್ತು ಮೇ 21. ಉಡುಪಿ ಸಿಟಿ ಬಸ್ ಸ್ಟ್ಯಾಂಡ್ ಹತ್ತಿರದ ಜೆರಾಕ್ಸ್ ಅಂಗಡಿಯಲ್ಲಿ ಬಣ್ಣ ಉದುರಿದ ಹಳದಿ ಬೋರ್ಡೊಂದು ಕಂಡಿತು: ಎಸ್‌ಟಿಡಿ, ಐಎಸ್‌ಡಿ, ಪಿಸಿಒ. ದುಡ್ಡು ಕೊಟ್ಟು ದೂರದ ಊರಿಗೆ ಫೋನ್ ಮಾಡುತ್ತಿದ್ದ ಬೂತಿನ ಬೋರ್ಡು. ಕಾಲು ಅಲ್ಲೇ ನಿಂತಿತು.

1991ರಲ್ಲಿ ಇಂಥದೇ ಬೂತಿನ ಮುಂದೆ ಅಮ್ಮನ ಜೊತೆ ಕ್ಯೂ ನಿಂತಿದ್ದೆ. ಹಿಂದಿನ ರಾತ್ರಿ ಶ್ರೀಪೆರಂಬುದೂರಿನಲ್ಲಿ ರಾಜೀವ್ ಗಾಂಧಿ ಹತ್ಯೆಯಾಗಿತ್ತು. ಅಣ್ಣ ಮದ್ರಾಸಿನ ಹೋಟೆಲೊಂದರಲ್ಲಿ ಕೆಲಸಕ್ಕಿದ್ದ. ಮದ್ರಾಸಿನ ಕೋಡ್ 044 ಒತ್ತಿದರೆ ಎಂಗೇಜ್. ಮತ್ತೆ ಒತ್ತಿದರೆ ಮತ್ತೆ ಎಂಗೇಜ್. ಅಮ್ಮನ ಸೆರಗಿನ ತುದಿಯಲ್ಲಿ ಚಿಲ್ಲರೆ ಗಂಟು, ಕಣ್ಣು ಮಾತ್ರ ಮೀಟರಿನ ಕೆಂಪು ಅಂಕಿಗಳ ಮೇಲೆ.

ಇಂದಿರಾ ಗಾಂಧಿ ಹತ್ಯೆಯಾದ 1984ರಲ್ಲಿ ನಮ್ಮ ಕಡೆಯವರಿಗೆ ದೂರದ ಊರಿಗೆ ಆಪರೇಟರ್ ಮೂಲಕ ಟ್ರಂಕ್ ಕಾಲ್ ಬುಕ್ ಮಾಡಿ ಗಂಟೆಗಟ್ಟಲೆ ಕಾಯುವುದೇ ಗತಿ. ಅದೇ ವರ್ಷ ಸರ್ಕಾರದ ದೂರಸಂಪರ್ಕ ಸಂಶೋಧನಾ ಸಂಸ್ಥೆ ಸಿ-ಡಾಟ್ ಶುರುವಾಯಿತು. ನಮ್ಮ ದೇಶದಲ್ಲೇ ತಯಾರಾದ ಟೆಲಿಫೋನ್ ಎಕ್ಸ್‌ಚೇಂಜ್‌ಗಳು ಹಳ್ಳಿಗೂ ಬಂದವು. ದೂರಸಂಪರ್ಕ ತಜ್ಞ ಸ್ಯಾಮ್ ಪಿತ್ರೋಡಾ ಅವರ ಆ ಕೆಲಸಕ್ಕೆ ಬೆನ್ನೆಲುಬಾಗಿ ನಿಂತವರು ರಾಜೀವ್. ಅವರ ಕಾಲದಲ್ಲಿ ಬೀದಿಗೆ ಬಂದ ಬೂತಿನಲ್ಲೇ ಜನ ಅವರ ಸಾವಿನ ಸುದ್ದಿ ಹೇಳಿಕೊಂಡು ಅತ್ತರು. ನೆನೆದರೆ ಈಗಲೂ ಸಂಕಟ ಆಗುತ್ತದೆ.

ಕೊನೆಗೂ ಲೈನ್ ಸಿಕ್ಕಿತು. ಅಮ್ಮ ಕೇಳಿದ್ದು ಒಂದೇ, "ಊಟ ಆಯ್ತಾ ಮಗಾ?"

ಬೂತಿನವರು ಆ ದಿನ ಅಮ್ಮನ ಹತ್ತಿರ ದುಡ್ಡು ತಗೊಳ್ಳಲಿಲ್ಲ.