ಬುಲೆಟ್ ಮೇಲೊಂದು ಬಳ್ಳಿ

ಹಳೇ ಬುಲೆಟ್‌ನ ಇಂಜಿನ್ ಕವರ್ ಬಿಚ್ಚಿಕೊಂಡು ಇವತ್ತು ಹುಬ್ಬಳ್ಳಿಯ ದುರ್ಗದಬೈಲಿಗೆ ಹೋಗಿದ್ದೆ. ಅಲ್ಲಿ ಪಾತ್ರೆ ಮೇಲೆ ಹೆಸರು ಹಾಕುವ ಕಾಕಾ ಒಬ್ಬರಿದ್ದಾರೆ. ಈಗ ಎಲ್ಲಾ ಕಡೆ ಗುರ್ ಅನ್ನೋ ಮಷೀನು. ಇವರದು ಇನ್ನೂ ಉಳಿ, ಸಣ್ಣ ಸುತ್ತಿಗೆ.

ಲಕ್ಕುಂಡಿಯ ಕಾಶಿ ವಿಶ್ವನಾಥ ಗುಡಿಯ ಬಾಗಿಲವಾಡದ ಫೋಟೊ ತೋರಿಸಿ, "ಈ ಬಳ್ಳಿ ಬೇಕ್ರಿ ಕಾಕಾ" ಅಂದೆ. ಕವರ್ ತಟ್ಟಿ ನೋಡಿದರು. ಅಲ್ಯೂಮಿನಿಯಂ, ಮೆತ್ತಗಿದೆ, ಆಗುತ್ತದೆ. "ಸೈಲೆನ್ಸರ್ ಮಾತ್ರ ತರಬ್ಯಾಡ ತಮ್ಮಾ, ಕ್ರೋಮ್ ಪದರ ಏಳ್ತದ."

ಮೊದಲು ಸೂಜಿಮೊನೆಯಲ್ಲಿ ಗೆರೆ. ಆಮೇಲೆ ಉಳಿ. ಅಲ್ಯೂಮಿನಿಯಂ ಮೊನೆಗೆ ಅಂಟಿಕೊಳ್ಳುತ್ತದಂತೆ, ಅದಕ್ಕೇ ಆಗಾಗ ಒಂದು ಹನಿ ಸೀಮೆಎಣ್ಣೆ. ಸುರುಳಿ ಬಂದಾಗ ಅವರ ಕೈ ತಿರುಗಲಿಲ್ಲ, ಕವರ್ರೇ ತಿರುಗಿತು! ಎಳೆ ಎಳೆಯಾಗಿ ಹೊಳೆಯುವ ಚೂರು ಏಳುತ್ತಿತ್ತು. ಚಹಾ ಆರಿದ್ದೂ ಗೊತ್ತಾಗಲಿಲ್ಲ.

ಕೊನೆಯ ಎಲೆ ಹತ್ತಿರ ಉಳಿ ಜಾರಿತು. ಉದ್ದಕ್ಕೊಂದು ಗೀರು. ನನ್ನ ಜೀವ ಹಾರಿತು. ಕಾಕಾ ಮಾತಾಡದೆ ಆ ಗೀರನ್ನೇ ಬಗ್ಗಿಸಿ ಕುಡಿ ಮಾಡಿಬಿಟ್ಟರು. ಲಕ್ಕುಂಡಿಯ ಬಳಪದ ಕಲ್ಲಿನಲ್ಲೂ ಹೀಗೆ ಜಾರಿ ಕುಡಿಯಾದ ಗೀರು ಎಷ್ಟಿವೆಯೋ, ಅಲ್ವಾ?

ನಾಳೆ ಕವರ್ ಮತ್ತೆ ಕೂರಿಸೋಕೆ ಹೊಸ ಗ್ಯಾಸ್ಕೆಟ್ ತರಬೇಕು.