ನಿಲ್ಲಿಸಿದ್ದಲ್ಲ, ನಿಂತದ್ದು

ಮಂಗಳವಾರ ಬೆಳಿಗ್ಗೆ ಮಂಗಳೂರಿನ ಹಂಪನಕಟ್ಟೆಯಿಂದ ಬಾವುಟಗುಡ್ಡೆಯ ಕಡೆಗೆ ಏರುವಾಗ ನನ್ನ ಬ್ಯಾಟರಿ ಸ್ಕೂಟರ್ ಅರ್ಧದಾರಿಯಲ್ಲಿ ನಿಂತುಬಿಟ್ಟಿತು. ಹಿಂದಿನಿಂದ ಸಿಟಿ ಬಸ್ಸಿನ ಹಾರ್ನ್. ಒಂದು ಕೈಯಲ್ಲಿ ಬ್ರೇಕ್ ಅದುಮಿ ಹಿಡಿದು, ಇನ್ನೊಂದು ಕೈಯಲ್ಲಿ ಸೀಟಿನ ಪಕ್ಕಕ್ಕೆ ಸಿಕ್ಕಿಸಿದ್ದ ಊರುಗೋಲನ್ನು ಬಿಡಿಸಲು ಒದ್ದಾಡುತ್ತಿದ್ದಾಗ ಟ್ರಾಫಿಕ್ ಪೊಲೀಸರೊಬ್ಬರು ಓಡಿ ಬಂದು, "ಯಾಕೆ ಇಲ್ಲಿ ನಿಲ್ಲಿಸಿದ್ದು?" ಎಂದು ಗದರಿದರು. "ನಿಲ್ಲಿಸಿದ್ದಲ್ಲ ಸಾರ್, ನಿಂತದ್ದು" ಎಂದೆ. ಅವರ ಕಣ್ಣು ನನ್ನ ಬಲಗಾಲಿಗೆ ಆಸರೆಯಾಗಿ ಕಟ್ಟಿದ ಕ್ಯಾಲಿಪರಿನ ಮೇಲೆ ಬಿತ್ತು. ಮರುಮಾತಿಲ್ಲದೆ ಹಿಂದೆ ಹೋಗಿ ತಳ್ಳತೊಡಗಿದರು. ಮೇಲೆ ಮುಟ್ಟಿದ ಮೇಲೆ ಏದುಸಿರು ಬಿಡುತ್ತ ಕೇಳಿದರು: "ಇದಕ್ಕೆ ಲೈಸೆನ್ಸ್ ಬೇಕಾ?"

"ಬೇಡ."

"ಇನ್ಶೂರೆನ್ಸ್?"

"ಅದೂ ಬೇಡ."

"ಪುಣ್ಯವಂತರು ನೀವು!"

ಆ ಮಾತಿನಲ್ಲಿ ಕುಹಕವಿರಲಿಲ್ಲ. ಮನುಷ್ಯ ಒಳ್ಳೆಯವರು, ಹಾರ್ನ್ ಒತ್ತಿದ ಡ್ರೈವರಿಗಿಂತಲೂ, ಗಾಡಿ ಮಾರುವಾಗ "ಎಲ್ಲ ಏರೂ ಹತ್ತುತ್ತದೆ" ಎಂದ ಅಂಗಡಿಯ ಹುಡುಗನಿಗಿಂತಲೂ ಎಷ್ಟೋ ಮೇಲು. ಆದರೂ ಆ 'ಪುಣ್ಯ' ನಾಲ್ಕು ದಿನಗಳಿಂದ ಕಿವಿಯಲ್ಲೇ ಇದೆ.

ಕೇಂದ್ರ ಮೋಟಾರು ವಾಹನ ನಿಯಮಗಳ ಪ್ರಕಾರ ಮೋಟರಿನ ಶಕ್ತಿ 250 ವ್ಯಾಟ್‌ಗಿಂತಲೂ ವೇಗ ಗಂಟೆಗೆ 25 ಕಿ.ಮೀ.ಗಿಂತಲೂ ಕಡಿಮೆಯಿದ್ದು, ಬ್ಯಾಟರಿ ಬಿಟ್ಟು ತೂಕ 60 ಕಿಲೋ ಮೀರದಿದ್ದರೆ ಅಂಥ ಬ್ಯಾಟರಿ ದ್ವಿಚಕ್ರಿಯನ್ನು ಮೋಟಾರು ವಾಹನವೆಂದೇ ಪರಿಗಣಿಸುವುದಿಲ್ಲ. ವೇಗದ ಮಿತಿಯ ಬಗ್ಗೆ ನನಗೆ ತಕರಾರಿಲ್ಲ, ನನಗೂ ಜೀವದ ಆಸೆಯಿದೆ. ತಕರಾರು ಶಕ್ತಿಯ ಬಗ್ಗೆ. ಗಾಡಿ, ಬ್ಯಾಟರಿ, ಸಮತೋಲಕ್ಕೆಂದು ಬೆಸುಗೆ ಹಾಕಿಸಿದ ಎರಡು ಪಕ್ಕದ ಚಕ್ರಗಳು ಮತ್ತು ನಾನು ಸೇರಿದರೆ ಸುಮಾರು 150 ಕಿಲೋ. ಹನ್ನೆರಡು ಅಡಿಗೆ ಒಂದಡಿ ಏರುವ ರಸ್ತೆಯಲ್ಲಿ ಇಷ್ಟು ಭಾರವನ್ನು ಎಳೆಯುವಾಗ 250 ವ್ಯಾಟ್ ಕೊಡುವ ವೇಗ ಹೆಚ್ಚೆಂದರೆ ಗಂಟೆಗೆ ಏಳು ಕಿ.ಮೀ. ಆಸುಪಾಸು ಎಂದು ಮಗಳು ಲೆಕ್ಕ ಹಾಕಿ ತೋರಿಸಿದಳು. ಕಚೇರಿಗಳ ಮುಂದೆ ಗಾಲಿಕುರ್ಚಿಗೆಂದು ಕಟ್ಟುವ ಇಳಿಜಾರು ಕೂಡ ಅದಕ್ಕಿಂತ ಕಡಿದಾಗಿರಬಾರದೆಂಬ ಅಳತೆ ಇದೆ; ಮಂಗಳೂರಿನ ಗುಡ್ಡಗಳಿಗೆ ಆ ಅಳತೆಯ ಹಂಗಿಲ್ಲ.

ಪೆಡಲ್ ಇರುವ ಎಲೆಕ್ಟ್ರಿಕ್ ಸೈಕಲನ್ನೂ ನೋಡಿದ್ದೆ. ನಿಯಮದಂತೆ ಅದರಲ್ಲಿ ಕಾಲು ನಿಂತರೆ ಮೋಟರೂ ನಿಲ್ಲಬೇಕು. ಎರಡು ಗಟ್ಟಿ ಕಾಲುಗಳಿದ್ದವನಿಗೆ ಮೋಟರು ಬರೀ ಒತ್ತಾಸೆ, ಏರು ಬಂದಾಗ ಉಳಿದದ್ದನ್ನು ಅವನ ತೊಡೆ ತುಂಬಿಕೊಡುತ್ತದೆ. ನನ್ನಂಥವನಿಗೆ ಮೋಟರೇ ಕಾಲು. 250ರ ಮಿತಿ ಬರೆದವರ ಕಣ್ಣಮುಂದೆ ಇದ್ದದ್ದು ಮೊದಲನೆಯವನು. ನಮ್ಮ ಹೆಸರನ್ನು ಅಂಗವಿಕಲ, ವಿಕಲಚೇತನ, ವಿಶೇಷಚೇತನ, ದಿವ್ಯಾಂಗ ಎಂದು ಮತ್ತೆ ಮತ್ತೆ ತಿದ್ದುವ ಉತ್ಸಾಹದಲ್ಲಿ ಈ ಅಂಕಿಯನ್ನೂ ನಮ್ಮ ಪಾಲಿಗೆ ಒಮ್ಮೆ ತಿದ್ದಬಹುದಿತ್ತು.

"ದೊಡ್ಡ ಮೋಟರ್ ಹಾಕಿಸಿ" ಎನ್ನುವವರು ಬಹಳ. ಹಾಕಿಸಿದ ಕ್ಷಣ ಅದು ಮೋಟಾರು ವಾಹನವಾಗುತ್ತದೆ: ನೋಂದಣಿ, ವಿಮೆ, ಲೈಸೆನ್ಸ್, ಮಾರ್ಪಾಡಿಗೆ ಆರ್‌ಟಿಒ ಒಪ್ಪಿಗೆ. ಲೈಸೆನ್ಸ್ ಪರೀಕ್ಷೆಗೆ ಗಾಡಿಯನ್ನು ನಾವೇ ಒಯ್ಯಬೇಕಾದ್ದರಿಂದ, ಓಡಿಸಲು ಅನುಮತಿ ಸಿಗುತ್ತದೋ ಇಲ್ಲವೋ ತಿಳಿಯುವ ಮೊದಲೇ ಗಾಡಿ ಕೊಂಡು, ನಮಗೆ ಹೊಂದುವಂತೆ ಬದಲಾಯಿಸಿಕೊಂಡಿರಬೇಕು. ಬ್ರಿಟನ್ನಿನಲ್ಲೂ ಎಲೆಕ್ಟ್ರಿಕ್ ಸೈಕಲ್ಲುಗಳಿಗೆ 250 ವ್ಯಾಟಿನದೇ ಮಿತಿ. ಆದರೆ ಅಲ್ಲಿ ತೂಕದ ಮಿತಿಯನ್ನು 2015ರಲ್ಲಿ ಕೈಬಿಟ್ಟರು. ಇಲ್ಲಿ ಪಕ್ಕದ ಚಕ್ರಗಳ ಕಬ್ಬಿಣವೂ ಆ 60 ಕಿಲೋದೊಳಗೇ ಸೇರಬೇಕು.

ಮಂಗಳವಾರ ಆ ಪೊಲೀಸರು ಕೇಳದೆ ಬಿಟ್ಟ ಪ್ರಶ್ನೆ ಅದೊಂದೇ. ಚಕ್ರ ಬೆಸೆದ ಮೇಲೆ ಗಾಡಿಯ ತೂಕ ಎಷ್ಟಾಗಿದೆಯೆಂದು ನಾನು ನೋಡಿಸಿಲ್ಲ. ನೋಡಿಸುವುದೂ ಇಲ್ಲ.